ಅನುಮತಿ ಬದಲಾಗಿ ಏಳದ ಲಿನಕ್ಸ್: ದುರಸ್ತಿ ಹೇಗೆ?

ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಬಳಕೆಯಲ್ಲಿರುವ ಲಿನಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಓದುವ (4), ಬರೆಯುವ (2), ಚಲಾಯಿಸುವ (1) ಅನುಮತಿಗಳಿವೆ. 'ಚ್‌ಮಾಡ್' ಆದೇಶದಿಂದ ಇಡೀ ವ್ಯವಸ್ಥೆಗೇ 777 ಕೊಟ್ಟರೆ 'ಸುಡೊ'ದ ವಿಶೇಷ ಗುರುತು ಅಳಿಸಿಹೋಗುತ್ತದೆ; ಹಲವು ಸೇವೆಗಳು ಆರಂಭವಾಗದೆ ಗಣಕ ಅರ್ಧದಲ್ಲೇ ನಿಲ್ಲಬಹುದು.

ಗಾಬರಿ ಬೇಡ, ದತ್ತಾಂಶ ಅಳಿದಿರುವುದಿಲ್ಲ. ಅರಕಲಗೂಡಿನಿಂದ ಹಾಸನಕ್ಕೆ ಗಣಕವನ್ನು ಹೊತ್ತೊಯ್ಯುವ ಮೊದಲು ಹೀಗೆ ಮಾಡಿ:

1. ಲೈವ್ ಪೆನ್‌ಡ್ರೈವ್‌ನಿಂದ ಗಣಕ ಆರಂಭಿಸಿ, ಒಳಗಿನ ಡಿಸ್ಕನ್ನು ಮೌಂಟ್ ಮಾಡಿ.

2. ಮೊದಲು ಸ್ವಂತ ಕಡತಗಳನ್ನು ಬೇರೆಡೆಗೆ ಪ್ರತಿ ಮಾಡಿಕೊಳ್ಳಿ.

3. ಆ ಡಿಸ್ಕಿನಲ್ಲಿರುವ ಸುಡೊಗೆ 4755, ಸುಡೊಯರ್ಸ್ ಕಡತಕ್ಕೆ 440, ಶ್ಯಾಡೋ ಕಡತಕ್ಕೆ 640, ಟೆಂಪ್ ಕೋಶಕ್ಕೆ 1777 ನೀಡಿ.

ಫೆಡೋರಾದಲ್ಲಿ ಆರ್‌ಪಿಎಂನ 'ಸೆಟ್‌ಪರ್ಮ್ಸ್' ಆಯ್ಕೆಯು ಪ್ಯಾಕೇಜುಗಳ ಮೂಲ ಅನುಮತಿಗಳನ್ನು ಮರಳಿಸುತ್ತದೆ. ಉಬುಂಟುವಿನಲ್ಲಿ ಅಂಥ ಒಂದೇ ಆದೇಶವಿಲ್ಲ. ಅಲ್ಲಿ ಮರುಸ್ಥಾಪನೆಯೇ ಕ್ಷೇಮ.