ಕಳೆದುಹೋಗದ ಒಂದು ವರ್ಷ

ಪರೀಕ್ಷೆಗೆ ಕೂರದ ಹುಡುಗನನ್ನು ಕುರಿತು ನಮ್ಮ ಹಿರಿಯರು ಆಡುವ ಮಾತೊಂದಿದೆ: ‘ಒಂದು ವರ್ಷ ಕಳೆದುಕೊಂಡ.’ ಆ ವರ್ಷದಲ್ಲಿ ಅವನು ಏನು ಮಾಡಿದನೆಂದು ಯಾರೂ ಕೇಳುವುದಿಲ್ಲ. ಅಂಕಪಟ್ಟಿಯಲ್ಲಿ ಇಲ್ಲದ ವರ್ಷ ಆಯುಸ್ಸಿನಲ್ಲಿಯೂ ಇಲ್ಲವೆಂಬಂತೆ ನಮ್ಮ ಎಣಿಕೆ. ಆದರೆ ಈ ದೇಶವೇ ತನ್ನ ವಿದ್ಯಾರ್ಥಿಗಳಿಂದ ಅಂಥದೊಂದು ವರ್ಷವನ್ನು ಮತ್ತೆ ಮತ್ತೆ ಬೇಡಿದೆ. ಆ ಬೇಡಿಕೆಯ ಚರಿತ್ರೆಯನ್ನು ಇಂದು ತಮ್ಮ ಮುಂದೆ ಇಡಬಯಸುತ್ತೇನೆ.

ಅಸಹಕಾರ ಚಳವಳಿಯ ಕಾಲದಲ್ಲಿ ಗಾಂಧೀಜಿ ಸರಕಾರಿ ಕಾಲೇಜುಗಳನ್ನು ಬಿಟ್ಟು ಬರುವಂತೆ ತರುಣರಿಗೆ ಕರೆಯಿತ್ತರು. ವರ್ಷದೊಳಗೆ ಸ್ವರಾಜ್ಯವೆಂಬ ಭರವಸೆಯನ್ನೂ ಕೊಟ್ಟರು. ಹಾಗೆ ಬಂದವರಿಗೆ ಆಶ್ರಯವಾಗಿ 1920ರಲ್ಲಿ ಗುಜರಾತ್ ವಿದ್ಯಾಪೀಠ, 1921ರಲ್ಲಿ ಕಾಶಿ ವಿದ್ಯಾಪೀಠ ಹುಟ್ಟಿದವು. ಆಗ ಪಟ್ನಾದಲ್ಲಿ ಕಾಲೇಜು ತೊರೆದವರಲ್ಲಿ ಜಯಪ್ರಕಾಶ ನಾರಾಯಣರೂ ಒಬ್ಬರು. 1974ರಲ್ಲಿ ಬಿಹಾರದ ವಿದ್ಯಾರ್ಥಿಗಳಿಗೆ, ಒಂದು ವರ್ಷ ಕಾಲೇಜು ಬಿಟ್ಟು ಬನ್ನಿರೆಂದು ಕರೆಕೊಟ್ಟವರೂ ಅವರೇ.

ಇವು ಚಳವಳಿಯ ಕರೆಗಳು. ಸ್ವತಂತ್ರ ಭಾರತದ ಸರಕಾರವೂ ಇದೇ ವರ್ಷವನ್ನು ಬೇಡಲು ಯೋಚಿಸಿತ್ತೆಂಬುದು ಅನೇಕರಿಗೆ ತಿಳಿಯದು. ಮೊದಲನೆಯ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸುವಾಗ, 1952ರಲ್ಲಿ, ವಿದ್ಯಾರ್ಥಿಗಳು ಒಂದು ವರ್ಷ ಶ್ರಮಸೇವೆ ಮಾಡಬೇಕೆಂಬ ಮಾತು ಬಂದಿತು. ಪದವಿ ಪಡೆಯುವುದಕ್ಕೆ ಸಮಾಜಸೇವೆಯನ್ನು ಪೂರ್ವಷರತ್ತಾಗಿಸುವ ವಿಚಾರವನ್ನು 1958ರಲ್ಲಿ ನೆಹರೂ ಮುಖ್ಯಮಂತ್ರಿಗಳಿಗೆ ಬರೆದರು. ಮರುವರ್ಷ ನೇಮಕವಾದ ಸಿ. ಡಿ. ದೇಶಮುಖರ ಸಮಿತಿಯಂತೂ, ಪ್ರೌಢಶಿಕ್ಷಣ ಮುಗಿಸಿ ಕಾಲೇಜು ಸೇರಬಯಸುವ ಪ್ರತಿಯೊಬ್ಬರಿಗೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ರಾಷ್ಟ್ರಸೇವೆ ಇರಲೆಂದು ಶಿಫಾರಸು ಮಾಡಿತು. ವೆಚ್ಚ ಹೆಚ್ಚೆಂದೂ ಕಾರ್ಯಗತಗೊಳಿಸುವುದು ಕಷ್ಟವೆಂದೂ ಅದು ಮೂಲೆಗೆ ಸರಿಯಿತು. ಹಲವು ದೇಶಗಳ ಯುವಸೇವೆಯನ್ನು ಅಭ್ಯಸಿಸಿದ ಕೆ. ಜಿ. ಸೈಯದೈನ್, ಸೇವೆ ಸ್ವಇಚ್ಛೆಯದಾಗಿರಲಿ ಎಂದರು.

ಕೊನೆಗೆ, ಗಾಂಧೀ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಮೊದಲಿಗೆ ಸೇರಿದವರು 40,000 ವಿದ್ಯಾರ್ಥಿಗಳು. ರಾಯರು ಆಗ ನಮ್ಮ ಬಳ್ಳಾರಿಯ ಲೋಕಸಭಾ ಸದಸ್ಯರೂ ಹೌದು. ಯೋಜನೆ ಬೆಳೆಯಿತು, ಶಿಬಿರಗಳು ನಡೆದವು, ಒಳ್ಳೆಯದೇ ಆಯಿತು. ಆದರೆ ಅದರಲ್ಲಿ ವಿದ್ಯಾರ್ಥಿ ಕೊಡಬೇಕಾದದ್ದು ಎರಡು ವರ್ಷಗಳಲ್ಲಿ 240 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕಹಾಕಿದರೆ 30 ದಿನ. ಬೇಡಿದ್ದ ವರ್ಷ ತಿಂಗಳಾಗಿ ಕುಗ್ಗಿತ್ತು.

ಆ ಪೂರ್ತಿ ವರ್ಷವನ್ನು ನಾನು ನನ್ನ ಪಾಡಿಗೆ ಕೊಟ್ಟೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಮೊದಲಾಗಿತ್ತು. ಮರುವರ್ಷ ಬಿ.ಎ. ಎರಡನೆಯ ವರ್ಷ ಮುಗಿಸಿದವನೇ ತುಮಕೂರು ಜಿಲ್ಲೆಯ ಒಂದು ಹಳ್ಳಿಯ ರಾತ್ರಿಶಾಲೆಗೆ ಹೋದೆ. ನನಗಾಗ ಹತ್ತೊಂಬತ್ತು. ತಂದೆಯವರು ಆರು ತಿಂಗಳು ಕಾಗದ ಬರೆಯಲಿಲ್ಲ.

ಲಾಟೀನಿನ ಬೆಳಕಿನಲ್ಲಿ ನಾನು ಅಕ್ಷರ ಕಲಿಸಿದೆ. ಹಗಲು ಹೊಲದಲ್ಲಿ ಅವರು ನನಗೆ ನೊಗ, ಮೇಣಿ, ಈಸು, ಕುಳಗಳನ್ನು ಕಲಿಸಿದರು. ಅಂಕಿಗಳನ್ನು ಓದಲು ಬಂದ ಮೇಲೆ ಒಬ್ಬ ಹಿರಿಯ ರೈತರು ತಮ್ಮ ಸಾಲದ ಚೀಟಿಯನ್ನು ತಂದು ಲಾಟೀನಿನ ಮುಂದೆ ಬಿಡಿಸಿದರು. ಅವರು ತೀರಿಸಿದ್ದ ಎರಡು ಕಂತುಗಳು ಅದರಲ್ಲಿ ನಮೂದಾಗಿರಲೇ ಇಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ಮೇಷ್ಟ್ರೇ, ನೀವು ಹತ್ತು ವರ್ಷ ಮುಂಚೆ ಬರಬೇಕಿತ್ತು’ ಎಂದರು. ಹತ್ತು ವರ್ಷದ ಹಿಂದೆ ನಾನು ಮೂರನೆಯ ತರಗತಿಯ ಹುಡುಗ. ಆದರೆ ಬರಬಹುದಾಗಿದ್ದ ಬೇರೆ ತರುಣರು ಇದ್ದರು. ದೇಶಮುಖರ ವರದಿ ಆಗಲೇ ಹಳೆಯದಾಗಿತ್ತು.

ಕಾಲೇಜಿಗೆ ಮರಳಿದಾಗ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ, ವಿದ್ಯಾರ್ಥಿವೇತನವೂ ನಿಂತಿತ್ತು. ಮತ್ತೆ ಸೇರಿಸಿಕೊಂಡರೆನ್ನಿ. ಮುಂದೆ ಕೆಲಸದ ಸಂದರ್ಶನವೊಂದರಲ್ಲಿ ಹಿರಿಯರೊಬ್ಬರು, ‘ಆ ವರ್ಷ ನಪಾಸೇ?’ ಎಂದು ಕೇಳಿದರು. ಹಳ್ಳಿಯ ಸಂಗತಿ ಹೇಳಲು ನಾಚಿ ‘ಹೌದು’ ಎಂದುಬಿಟ್ಟೆ. ಆ ಸುಳ್ಳಿಗೆ ಇಂದಿಗೂ ನಾಚುತ್ತೇನೆ.

2020ರ ಶಿಕ್ಷಣ ನೀತಿ, ಓದನ್ನು ನಡುವೆ ನಿಲ್ಲಿಸಿ ಮರಳಿ ಬರಲು ಬಾಗಿಲಿರಲಿ ಎಂದಿತು. ಬಾಗಿಲು ತೆರೆದರೆ ಸಾಲದು. ಹೊರಗೆ ಹೋಗಿ ಬಂದವರನ್ನು ನಪಾಸಾದವರೆಂದು ನೋಡುವ ಮನೆಮಂದಿಯ ಕಣ್ಣೂ ಬದಲಾಗಬೇಕು. ತಮ್ಮ ಮನೆಯ ಮಗನೋ ಮಗಳೋ ಅಂಥ ವರ್ಷವೊಂದನ್ನು ಬೇಡಿದರೆ, ‘ಕಳೆದುಕೊಳ್ಳುತ್ತೀಯೆ’ ಎನ್ನುವ ಮುನ್ನ, ‘ಎಲ್ಲಿಗೆ, ಯಾರ ಬಳಿಗೆ?’ ಎಂದು ಕೇಳಿ ನೋಡಬೇಕೆಂದು ನನ್ನ ವಿನಂತಿ.