ಉಟ್ಟ ಸೀರೆ ಮತ್ತು 33ನೆಯ ಪ್ರಶ್ನೆ: ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೊಟ್ಟೆಯ ಬಾಧೆಯ ಅಳತೆ

ಅಂಡಾಶಯದ ಕ್ಯಾನ್ಸರ್ ಕುರಿತ ಔರೇಲಿಯಾ ಪ್ರಯೋಗದ 361 ಹೆಂಗಸರಿಗೆ ಪ್ಲಾಟಿನಂ ಚಿಕಿತ್ಸೆಯ ನಂತರ ಆರು ತಿಂಗಳೊಳಗೆ ರೋಗ ಉಲ್ಬಣಿಸಿತ್ತು. 8–9ನೆಯ ವಾರದಲ್ಲಿ ಅವರ ಹೊಟ್ಟೆಯ ಬಾಧೆಯನ್ನು ಅಳೆದಾಗ, ಕಿಮೊಥೆರಪಿಯ ಜೊತೆ ಬೆವಾಸಿಜುಮ್ಯಾಬ್ ಎಂಬ ಔಷಧ ಪಡೆದವರಲ್ಲಿ ಶೇ. 21.9, ಬರೀ ಕಿಮೊಥೆರಪಿ ಪಡೆದವರಲ್ಲಿ ಶೇ. 9.3 ಮಂದಿಗೆ ಅದು ನೂರು ಅಂಕಗಳ ಮಾಪಕದಲ್ಲಿ ಕನಿಷ್ಠ 15 ಅಂಕ ಇಳಿದಿತ್ತು. 2014ರ ಈ ವರದಿಯಿಂದ, ‘ಬರೀ ಕಿಮೊಥೆರಪಿ ಪಡೆದ ಹತ್ತರಲ್ಲಿ ಒಂಬತ್ತು ಮಂದಿಗೆ ಹೊಟ್ಟೆ ಹಗುರಾಗಲೇ ಇಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ಆ ಓದು ನಿಲ್ಲದು.

ಚಿಕಿತ್ಸೆಗೆ ಮುಂಚಿನ ಪ್ರಶ್ನಾವಳಿ ಸಿಕ್ಕಿದ್ದು 317 ಮಂದಿಯದು ಮಾತ್ರ. 8–9ನೆಯ ವಾರದ ಹಾಳೆ ಬಾರದವರನ್ನು ‘ಸುಧಾರಿಸದವರು’ ಎಂದೇ ಎಣಿಸಲಾಯಿತು. ಈ ನಿಯಮಕ್ಕೆ ನನ್ನ ಆಕ್ಷೇಪವಿಲ್ಲ. ತೀರಾ ಬಳಲಿದವರು ಲೆಕ್ಕದಿಂದ ಜಾರಿಹೋಗದಂತೆ ಅದು ತಡೆಯುತ್ತದೆ. ಆದರೆ ಉತ್ತರಿಸದವಳನ್ನು ‘ಉಪಶಮನವಾಗಲಿಲ್ಲ’ ಎಂದವಳೊಡನೆ ಒಂದೇ ಸಾಲಿನಲ್ಲಿ ಕೂರಿಸಿ, ಆಮೇಲೆ ಆ ಸಾಲನ್ನೇ ಸಾಕ್ಷಿಗೆ ಕರೆಯುವುದು ಅವಸರದ ವಿದ್ವತ್ತು. ಆರಂಭದಲ್ಲೇ ಬಾಧೆ ಕಡಿಮೆಯಿದ್ದವಳಿಗೆ 15 ಅಂಕ ಇಳಿಯಲು ಜಾಗವೇ ಇರಲಿಲ್ಲ ಎಂಬುದನ್ನೂ ಈ ಓದು ಮರೆಯುತ್ತದೆ.

ಇದಕ್ಕೂ ಹೆಚ್ಚು ಉಪೇಕ್ಷೆಗೊಳಗಾದ ಆಕರ ಪ್ರಶ್ನಾವಳಿಯೇ. ಕ್ಯಾನ್ಸರ್ ರೋಗಿಗಳ ಬದುಕಿನ ಗುಣಮಟ್ಟ ಅಳೆಯುವ 1993ರ ಕ್ಯೂಎಲ್‌ಕ್ಯೂ-ಸಿ30 ಪ್ರಶ್ನಾವಳಿಗೆ ಪೂರಕವಾಗಿ, ಅಂಡಾಶಯದ ಕ್ಯಾನ್ಸರ್‌ಗೆಂದೇ 2001ರಲ್ಲಿ ಪ್ರಕಟವಾದ ಓವಿ28ರ 31ರಿಂದ 36ರವರೆಗಿನ ಪ್ರಶ್ನೆಗಳ ಮೇಲೆ ಔರೇಲಿಯಾದ ಅಂಕ ನಿಂತಿದೆ. ಪ್ರತಿಯೊಂದಕ್ಕೂ ನಾಲ್ಕು ಹಂತದ ಉತ್ತರ. ಒಂದು ಹಂತ ಇಳಿದರೆ ಒಟ್ಟು ಅಂಕ ಸುಮಾರು 5.6 ಇಳಿಯುತ್ತದೆ, 15 ದಾಟಲು ಮೂರು ಹಂತ ಬೇಕು. 33ನೆಯ ಪ್ರಶ್ನೆ, ಬಟ್ಟೆ ಬಿಗಿಯಾಗುತ್ತಿದೆಯೇ ಎಂಬುದು. ಹೊಲಿದ ಉಡುಪಿನ ಸೊಂಟಪಟ್ಟಿ ಜಲೋದರವನ್ನು ಬೇಗ ಹೇಳಿಬಿಡುತ್ತದೆ. ಆದರೆ ನಮ್ಮ ಕರಾವಳಿಯ ಅಂಕೋಲೆಯ ಹೆಂಗಸು ದಿನವೂ ಲಂಗದ ಲಾಡಿ ಸಡಿಲಿಸಿ ಸೀರೆ ಉಡುತ್ತಾಳೆ. ಅಲ್ಲಿನ ಹಾಲಕ್ಕಿ ಸಮುದಾಯದ ಹಿರಿಯ ಹೆಂಗಸರದು ಗಂಟು ಹಾಕಿ ಉಡುವ ಸೀರೆ. ಹೊಟ್ಟೆಯಲ್ಲಿ ನೀರು ತುಂಬಿದಾಗಲೂ ‘ಇಲ್ಲ’ ಎಂದವಳ ಉತ್ತರ, ನೀರು ಇಳಿದಾಗಲೂ ‘ಇಲ್ಲ’ವೇ. ಆಗ ಆ ಮೂರು ಹಂತಗಳನ್ನು ಉಳಿದ ಐದು ಪ್ರಶ್ನೆಗಳೇ ಹೊರಬೇಕು. ಇದರಿಂದ ಓವಿ28 ನಿರುಪಯುಕ್ತವೆಂದು ನಾನು ವಾದಿಸುತ್ತಿಲ್ಲ. ರೋಗಿಯ ಬಾಯಿಂದಲೇ ಬಾಧೆಯನ್ನು ಕೇಳಿದ ಈ ಪರಂಪರೆಗೆ ನಾನು ಋಣಿ. ಒಟ್ಟು ಅಂಕವೊಂದನ್ನೇ ನಂಬುವವರೊಡನೆ ನನ್ನ ಜಗಳ.

ಇನ್ನು ಬಾರದ ಹಾಳೆಗಳ ಮಾತು. ಇಲ್ಲಿಂದ ಚಿಕಿತ್ಸೆಗೆಂದು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ ಕಾಳಿ ನದಿ ದಾಟಿ ಗೋವೆಗೋ ಹೋಗಬೇಕಾದವರ ಹಾಳೆ ಸಕಾಲಕ್ಕೆ ಸೇರದಿರುವುದಕ್ಕೆ ರೋಗವೊಂದೇ ಕಾರಣವಾಗಬೇಕಿಲ್ಲ. ಆದ್ದರಿಂದ ಕಾರವಾರ, ಅಂಕೋಲೆಗಳಲ್ಲಿ ಈ ಅಳತೆಗೆ ಇಳಿಯುವವರು ಆರೂ ಉತ್ತರಗಳನ್ನು ಬಿಡಿಬಿಡಿಯಾಗಿ ಪ್ರಕಟಿಸಲಿ. ಹೊಟ್ಟೆಯಿಂದ ತೆಗೆದ ನೀರಿನ ಪ್ರಮಾಣವನ್ನೂ ಹಾಳೆ ಬಾರದ ಕಾರಣವನ್ನೂ ಪಕ್ಕದಲ್ಲೇ ಬರೆಯಲಿ. ಅಲ್ಲಿಯವರೆಗೆ ಶೇ. 9.3ನ್ನು ನಮ್ಮ ಕರಾವಳಿಯ ಹೆಂಗಸರಿಗೆ ಅನ್ವಯಿಸಲು ಆಧಾರವಿಲ್ಲ.