ಬಸ್ಸಿನಲ್ಲಿ ಹರಡುವ ಸೋಂಕು: ಕಂಬಿ ಒರೆಸಿದರೆ ಸಾಕೇ?

ಕೋವಿಡ್ ಕಾಲದಲ್ಲಿ ಬಸ್ಸಿನ ಸೀಟು, ಕಂಬಿಗಳಿಗೆ ಔಷಧ ಸಿಂಪಡಿಸುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಬಸ್ಸಿನಲ್ಲಿ ರೋಗ ಅಂಟುವುದು ಮುಟ್ಟುವುದರಿಂದಲೇ ಎಂಬ ನಂಬಿಕೆ ಉಳಿದುಬಿಟ್ಟಿದೆ. ಇದು ಅರ್ಧ ಸತ್ಯ. ಕೆಂಗಣ್ಣು, ವಾಂತಿಭೇದಿಯಂಥವು ಕೈಗಳಿಂದ ಹರಡುತ್ತವೆ, ಕೈ ತೊಳೆಯಲೇಬೇಕು. ಆದರೆ ಕ್ಷಯ, ದಡಾರ, ಕೋವಿಡ್ ಮುಖ್ಯವಾಗಿ ಹರಡುವುದು ಗಾಳಿಯಿಂದ.

ಒಂದು ಬಸ್ಸಿನ ಪಾಠ

2020ರ ಜನವರಿಯಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಎರಡು ಬಸ್ಸುಗಳು ಬೌದ್ಧ ದೇವಾಲಯವೊಂದಕ್ಕೆ ಹೋಗಿದ್ದವು. ಒಂದರಲ್ಲಿ ಸೋಂಕಿತರೊಬ್ಬರಿದ್ದರು. ಗಾಳಿಯನ್ನು ಒಳಗೊಳಗೇ ಸುತ್ತಿಸುವ ಎಸಿ ಚಾಲೂ ಇತ್ತು. ಹೋಗಿಬರಲು 100 ನಿಮಿಷ. ಉಳಿದ 67 ಜನರಲ್ಲಿ 23 ಮಂದಿಗೆ ಸೋಂಕು ತಗಲಿತು. ದೂರದ ಸೀಟಿನವರನ್ನೂ ಬಿಡಲಿಲ್ಲ. ಇನ್ನೊಂದು ಬಸ್ಸಿನ 60 ಜನರಲ್ಲಿ ಯಾರಿಗೂ ಬರಲಿಲ್ಲ.

ಉಸಿರನ್ನು ಅಳೆಯುವುದು ಹೇಗೆ?

ಹೊರಗಾಳಿಯ 10 ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಭಾಗ ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಬಸ್ಸಿನೊಳಗೆ ಇದು 2,400ಕ್ಕೆ ಏರಿದೆ ಎಂದುಕೊಳ್ಳಿ. ಆಗ ನೀವು ಎಳೆದುಕೊಳ್ಳುವ ಗಾಳಿಯಲ್ಲಿ ಸುಮಾರು 20ರಲ್ಲಿ ಒಂದು ಪಾಲು ಬೇರೆಯವರ ಶ್ವಾಸಕೋಶದಿಂದ ಬಂದದ್ದು ಎಂದರ್ಥ. ಅಂಗೈಯಗಲದ ಮಾಪಕವೊಂದು ಇದನ್ನು ತೋರಿಸಬಲ್ಲದು.

ನಮ್ಮ ದಾರಿಗಳಲ್ಲಿ

ಹೊಸಪೇಟೆಯಿಂದ ಹಂಪಿಗೆ ಸುಮಾರು 12 ಕಿ.ಮೀ., ಕಂಪ್ಲಿಗೂ ಸಂಡೂರಿಗೂ ಸುಮಾರು 30 ಕಿ.ಮೀ. ಅಪಾಯ ನಿಂತಿರುವುದು ಗಾಳಿ ಎಷ್ಟು ಬದಲಾಗುತ್ತದೆ, ಎಷ್ಟು ಹೊತ್ತು ಒಳಗಿರುತ್ತೇವೆ ಎಂಬುದರ ಮೇಲೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಮುಂದಿನ, ಹಿಂದಿನ ಕಿಟಕಿಗಳೆರಡೂ ತೆರೆದಿದ್ದರೆ, ಬಸ್ಸು ಓಡುವಾಗ ಗಾಳಿ ಬೇಗ ಬದಲಾಗುತ್ತದೆ. ನಿಲ್ದಾಣದಲ್ಲಿ ತುಂಬಿಕೊಂಡು ನಿಂತಾಗ ಆ ಅನುಕೂಲವಿಲ್ಲ. ಹಂಪಿಗೆ ಬರುವ ಎಸಿ ಪ್ರವಾಸಿ ಬಸ್ಸು ತಂಪಾಗಿದೆ ಎಂದ ಮಾತ್ರಕ್ಕೆ ಶುದ್ಧವೆಂದಲ್ಲ. ಹೊರಗಾಳಿ ಒಳಬರುವಂತೆ ಎಸಿ ಹೊಂದಿಸಬೇಕು.

ಸಂಡೂರಿನ ದಾರಿಯಲ್ಲಿ ಇನ್ನೊಂದು ಇಕ್ಕಟ್ಟು. ಅದಿರು ಲಾರಿಗಳ ಕೆಂದೂಳು ನುಗ್ಗಿದರೆ ಯಾರೇ ಆದರೂ ಕಿಟಕಿ ಮುಚ್ಚುತ್ತಾರೆ. ದೂಳು ಹೊರಗುಳಿಯುತ್ತದೆ, ಕೆಮ್ಮುವವರ ಉಸಿರು ಒಳಗುಳಿಯುತ್ತದೆ. ಸಿಲಿಕಾ ದೂಳಿನಿಂದ ಶ್ವಾಸಕೋಶ ಹಾಳಾದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಇಲ್ಲಿ ‘ಕಿಟಕಿ ತೆರೆಯಿರಿ’ ಎಂಬ ವೈದ್ಯರ ಮಾತೊಂದೇ ಸಾಲದು. ಲಾರಿಗೆ ಟಾರ್ಪಾಲು, ರಸ್ತೆಗೆ ನೀರು ಬೇಕು. ದಟ್ಟಣೆ ಹೊತ್ತಿಗೆ ಹೆಚ್ಚು ಬಸ್ಸು ಬೇಕು. ಗಾಳಿಯ ಹರಿವು ಬಲ್ಲ ಎಂಜಿನಿಯರ್ ಬೇಕು. ಜನ ಕಿಟಕಿ ಯಾಕೆ ಮುಚ್ಚುತ್ತಾರೆಂದು ಕಂಡಕ್ಟರನ್ನೂ ಪ್ರಯಾಣಿಕರನ್ನೂ ಕೇಳುವವರು ಬೇಕು. ಹಲವು ಶಾಸ್ತ್ರಗಳು ಒಟ್ಟಾಗಿ ಸಂಶೋಧನೆ ಮಾಡಬೇಕು ಎನ್ನುವುದು ಇದಕ್ಕೇ.

ನೀವೇನು ಮಾಡಬಹುದು?

ದೂಳಿಲ್ಲದ ಕಡೆ ಕಿಟಕಿ ತೆರೆದಿಡಿ. ಕೆಮ್ಮು, ಜ್ವರವಿದ್ದರೆ ಮಾಸ್ಕ್ ಧರಿಸಿ. ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಮಾಸ್ಕ್ ದೂಳನ್ನೂ ರೋಗಾಣುವನ್ನೂ ತಡೆಯುತ್ತದೆ. ಕರವಸ್ತ್ರ ಅಷ್ಟು ತಡೆಯದು. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.